ಆಲ್ಟರ್ನೇಟರ್ ಸಂತ್ರಸ್ತರ ಸಂಘ

ಮೊದಲೇ ಹೇಳಿಬಿಡುತ್ತೇನೆ, ಈ ಸಂಗತಿಯನ್ನು ನಾನು ಸಮಾಧಾನದಿಂದ ಹೇಳಲಾರೆ. ಸಮಾಧಾನವಾಗಿ ಕೇಳಬೇಕೆನ್ನುವವರು ನನ್ನ ಹೆಂಡತಿಯನ್ನು ಕೇಳಬಹುದು. ಅವಳು ನಗುನಗುತ್ತ ಹೇಳುತ್ತಾಳೆ, ಕೈಸನ್ನೆ ಸಮೇತ ಹೇಳುತ್ತಾಳೆ, ನೆಂಟರ ಮನೆಗೆ ಹೋದಾಗ ಕೇಳದಿದ್ದರೂ ಹೇಳುತ್ತಾಳೆ. ನನಗೆ ಮಾತ್ರ ಆಲ್ಟರ್ನೇಟರ್ ಎಂಬ ಶಬ್ದ ಕಿವಿಗೆ ಬಿದ್ದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ನಾನು ಕಚೇರಿಯಲ್ಲಿ ಕರಡು ಗುಮಾಸ್ತ. ಆದೇಶ, ನೋಟೀಸು, ನಡವಳಿ, ಏನೇ ಇರಲಿ, ಮೊದಲು ಬರೆಯುವವನು ನಾನು. ಮೇಲಿನವರು ಸಹಿ ಮಾತ್ರ ಹಾಕುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ನಾನು ಬರೆದ ಒಂದು ನೋಟೀಸೂ ತಪ್ಪಿದೆ ಎಂದು ವಾಪಸು ಬಂದಿಲ್ಲ. ಅದರ ಗುಟ್ಟು ಒಂದೇ. ವಿಚಾರಣೆ ಮುಗಿಯುವವರೆಗೆ ಯಾರ ಹೆಸರನ್ನೂ ಬರೆಯಬಾರದು. ‘ಸದರಿ ವ್ಯಕ್ತಿ’, ‘ತಪ್ಪಿತಸ್ಥ’, ‘ಸಂಬಂಧಪಟ್ಟವರು’ ಎಂದು ಬರೆದು ಕೈ ತೊಳೆದುಕೊಳ್ಳಬೇಕು. ವಿಚಾರಣೆ ಮುಗಿದ ಮೇಲೆ ಹೆಸರು ಬರೆಯಬೇಕು, ಆಗ ಬರೆಯದೆ ಬಿಡಲೂ ಕೂಡದು. ಇನ್ನೊಂದು ವಿಷಯ. ಕೋಪ ಬಂದಾಗ ಬೇರೆಯವರ ಅಕ್ಷರ ಕೆಡುತ್ತದಂತೆ, ನನ್ನದು ಇನ್ನೂ ಗುಂಡಗಾಗುತ್ತದೆ. ನನ್ನ ಕಡತಗಳನ್ನು ನೋಡಿದವರು ಮುತ್ತಿನಂಥ ಅಕ್ಷರ ಎಂದು ಹೊಗಳುತ್ತಾರೆ. ಆ ಇಪ್ಪತ್ತಾರು ವರ್ಷ ನಾನು ಎಷ್ಟು ಹಲ್ಲು ಕಡಿದಿದ್ದೇನೆ ಎಂಬುದು ಅವರಿಗೆ ಗೊತ್ತಿಲ್ಲ.

ನಮ್ಮ ಕಾರಿಗೆ ಹನ್ನೊಂದು ವರ್ಷ, ನಮ್ಮ ಕೈಗೆ ಬಂದು ಎರಡು ವರ್ಷ. ಷೋಕಿಗೆ ಕೊಂಡದ್ದಲ್ಲ ಎಂದು ಎಲ್ಲರ ಹತ್ತಿರವೂ ಹೇಳುತ್ತಿದ್ದೆ. ಷೋಕಿಗೇ ಕೊಂಡಿದ್ದೆ. ಆದರೆ ಆ ವರ್ಷ ಅದಕ್ಕೊಂದು ನಿಜವಾದ ಕೆಲಸ ಬಿತ್ತು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುವ ನನ್ನ ಹೆಂಡತಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂತು. ಹೊಸ ಶಾಲೆ ಇಪ್ಪತ್ತೆರಡು ಕಿಲೋಮೀಟರ್ ದೂರ. ಆ ದಾರಿಗೆ ಬೆಳಗ್ಗೆ ಇರುವುದು ಒಂದೇ ಬಸ್ಸು, ಅದು ತಲುಪುವುದು ಹನ್ನೊಂದೂವರೆಗೆ. ಬಡ್ತಿಯ ಆದೇಶದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಐದು ತಿಂಗಳ ನಂತರ ಶಾಲೆ ತೆರೆಯುವ ದಿನ ಬೆಳಗ್ಗೆ ಹತ್ತರೊಳಗೆ ಹಾಜರಾಗದಿದ್ದರೆ ಹುದ್ದೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಮುಂದಿನವರು ಎಂದರೆ ಗಣಿತದ ಮೇಡಂ. ಹದಿನಾಲ್ಕು ವರ್ಷ ನನ್ನ ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತು, ಇವಳ ಡಬ್ಬಿಯ ಸೀಮೆಸುಣ್ಣವನ್ನೇ ಬಳಸಿ, ಒಂದು ದಿನವೂ ತಮ್ಮದನ್ನು ತರದ ಹೆಂಗಸು.

“ಆಯಮ್ಮನ ಕೈಕೆಳಗೆ ಕೆಲಸ ಮಾಡೋದಕ್ಕಿಂತ ರಾಜೀನಾಮೆ ಬರೆದು ಕೊಡ್ತೀನಿ,” ಅಂದಳು ನನ್ನ ಹೆಂಡತಿ. “ರೀ, ಅವತ್ತು ಕಾರು ಕೈ ಕೊಡಲ್ಲ ತಾನೆ?”

“ನಾನಿದ್ದೀನಲ್ಲ,” ಅಂದೆ.

ಎಲ್ಲ ಶುರುವಾದದ್ದು ಈ ಒಂದು ಮಾತಿನಿಂದ.

ದಾರಿ ನೋಡಿಕೊಂಡು ಬರೋಣ ಎಂದು ಒಂದು ಶನಿವಾರ ಆ ಶಾಲೆಯ ಕಡೆಗೆ ಹೊರಟೆವು. ಅರ್ಧ ದಾರಿಯಲ್ಲಿ ಸ್ಟಿಯರಿಂಗ್ ಹಿಂದೆ ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಹತ್ತಿಕೊಂಡಿತು.

“ಅದೇನ್ರೀ ಕೆಂಪಗೆ?”

“ಬ್ಯಾಟರಿ ಕೆಲಸ ಮಾಡ್ತಿದೆ ಅಂತ ತೋರಿಸ್ತಿದೆ,” ಅಂದೆ.

“ಇಷ್ಟು ದಿನ ತೋರಿಸ್ತಿರ್ಲಿಲ್ಲ.”

“ಇಷ್ಟು ದಿನ ನಾವು ಇಷ್ಟು ದೂರ ಬಂದಿರ್ಲಿಲ್ಲ.”

ಇನ್ನು ಸ್ವಲ್ಪ ಹೊತ್ತಿಗೆ ಹಾರ್ನ್ ಕ್ಷೀಣವಾಯಿತು, ಕಿಟಕಿಯ ಗಾಜು ಅರ್ಧದಲ್ಲಿ ನಿಂತಿತು, ಆಮೇಲೆ ಕಾರೇ ನಿಂತಿತು. ಗ್ಯಾರೇಜಿನವನು ತನ್ನ ಹಳೆಯ ವ್ಯಾನು ತಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಅವನು ನಮ್ಮ ಬೀದಿಯ ತುದಿಯಲ್ಲೇ ಹದಿನೈದು ವರ್ಷದಿಂದ ಗ್ಯಾರೇಜು ಇಟ್ಟಿರುವವನು, ಮಾತು ಕಮ್ಮಿ, ಒಂದು ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಮೊದಲು ಕೈ ಒರೆಸಿಕೊಳ್ಳುವ ಮನುಷ್ಯ.

“ಆಲ್ಟರ್ನೇಟರ್ ಹೋಗಿದೆ ಸರ್,” ಅಂದ. “ಬ್ಯಾಟರಿಗೆ ಕರೆಂಟು ತುಂಬೋದು ಇದೇ. ಹನ್ನೊಂದು ವರ್ಷ ಬಾಳಿದೆ, ಪಾಪ. ಹೊಸದೇ ಹಾಕ್ಬೇಕು.”

ಬೆಲೆ ಹೇಳಿದ. ನಾನು ಅವನ ಸ್ಟೂಲಿನ ಮೇಲೆ ಕೂತೆ. ಆ ಬೆಲೆಗೆ ಎರಡು ಬಾಗಿಲಿನ ಫ್ರಿಜ್ಜು ಬರುತ್ತಿತ್ತು, ಮತ್ತು ಎರಡು ಬಾಗಿಲಿನ ಫ್ರಿಜ್ಜು ಕೊಡಿಸುತ್ತೇನೆಂದು ನಾನು ಹೆಂಡತಿಗೆ ಮಾತು ಕೊಟ್ಟು ಮೂರು ವರ್ಷವಾಗಿತ್ತು. ಹೊಸ ಆಲ್ಟರ್ನೇಟರ್ ಹಾಕಿಸಿಕೊಂಡು ಬಂದ ದಿನ ಅವಳು ಬಾನೆಟ್ ಎತ್ತಿಸಿ ಒಳಗೆ ಇಣುಕಿ, “ಇದೇನಾ ನಮ್ಮ ಫ್ರಿಜ್ಜು?” ಎಂದು ಕೇಳಿ ಒಳಗೆ ಹೋದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಫ್ರಿಜ್ಜು ಎಂದೇ ಹೆಸರು.

ಎದುರು ಮನೆಯ ನಿವೃತ್ತ ಬಸ್ ಡ್ರೈವರ್ ಈ ಕಥೆಗೆ ಬರುವುದು ಇಲ್ಲಿ. ಮೂವತ್ತೈದು ವರ್ಷ ಬಸ್ಸು ಓಡಿಸಿ, ಈಗ ಗೇಟಿನ ಮೇಲೆ ಕೈಯಿಟ್ಟು ಬೀದಿಯನ್ನು ಓಡಿಸುತ್ತಿರುವ ಹಿರಿಯರು.

“ಹೊಸದು ಹಾಕಿಸಿದ್ಯಾ? ಚೆಕ್ ಮಾಡಿದ್ಯಾ?” ಅಂದರು.

“ಅದನ್ನ ಹೇಗೆ ಚೆಕ್ ಮಾಡೋದು ಸರ್?”

“ಅಷ್ಟೂ ಗೊತ್ತಿಲ್ವೇನಯ್ಯ? ಎಂಜಿನ್ ಸ್ಟಾರ್ಟ್ ಮಾಡು. ಓಡ್ತಿರೋವಾಗ ಬ್ಯಾಟರಿ ವೈರು ಬಿಚ್ಚು. ಬಿಚ್ಚಿದ ಮೇಲೂ ಎಂಜಿನ್ ಓಡ್ತಿದ್ರೆ ಆಲ್ಟರ್ನೇಟರ್ ಜೀವಂತವಾಗಿದೆ. ನಿಂತ್ರೆ ಸತ್ತಿದೆ. ನಮ್ಮ ಡಿಪೋದಲ್ಲಿ ಎಲ್ರೂ ಹೀಗೇ ಮಾಡ್ತಿದ್ದಿದ್ದು.”

ಅವರೇ ಸ್ಪ್ಯಾನರ್ ತಂದು ಬಿಚ್ಚಿ ತೋರಿಸಿದರು. ಬ್ಯಾಟರಿಯ ವೈರು ಗಾಳಿಯಲ್ಲಿ, ಎಂಜಿನ್ ಮಾತ್ರ ಜುಂ ಎಂದು ಓಡುತ್ತಿದೆ! ನನ್ನ ಜನ್ಮದಲ್ಲಿ ಅಂಥ ಆಶ್ಚರ್ಯ ನೋಡಿರಲಿಲ್ಲ. ಆ ಕ್ಷಣದಲ್ಲಿ ಯಂತ್ರಶಾಸ್ತ್ರವೆಲ್ಲ ನನಗೆ ಕರಗತವಾದ ಹಾಗೆ ಅನ್ನಿಸಿತು. ಮೂವತ್ತೈದು ವರ್ಷದ ಅನುಭವವನ್ನು ಆ ಹಿರಿಯರು ಮೂರು ನಿಮಿಷದಲ್ಲಿ ನನಗೆ ಧಾರೆ ಎರೆದಿದ್ದರು.

ಮುಂದಿನ ಭಾನುವಾರ ನಾನೇ ಮಾಡಿದೆ. ಓಡಿತು. ಅದರ ಮುಂದಿನ ಭಾನುವಾರವೂ ಮಾಡಿದೆ, ಓಡಿತು. ಹಲ್ಲಿನ ಡಾಕ್ಟರು ನಾಯಿ ಹಿಡಿದುಕೊಂಡು ಹೋಗುತ್ತಿದ್ದವರು ನಿಂತು ನೋಡಿದರು. ವಿಮೆ ಏಜೆಂಟ್ ಪೇಪರ್ ಮಡಿಸಿ ಬಂದ. ನಾನು ವೈರನ್ನು ಎರಡು ಬೆರಳಲ್ಲಿ ಮೇಲೆತ್ತಿ, “ಗಮನಿಸಿ,” ಅಂದೆ. ಎಲ್ಲರೂ ಗಮನಿಸಿದರು. ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಬೇರೆಯವರ ಸಹಿಗೆ ಬರೆದುಕೊಟ್ಟವನಿಗೆ ಜನ ಸುತ್ತ ನಿಂತು ನೋಡುವ ಸುಖ ಎಂದರೇನೆಂದು ಆಗ ತಿಳಿಯಿತು. ಭಾನುವಾರ ಹತ್ತು ಗಂಟೆ ಎಂದರೆ ನಮ್ಮ ಗೇಟಿನ ಮುಂದೆ ಪರೀಕ್ಷೆ ಎಂದಾಯಿತು. ಗ್ಯಾರೇಜಿಗೆ ಭಾನುವಾರ ರಜೆ, ಹಾಗಾಗಿ ಗ್ಯಾರೇಜಿನವನು ಮಾತ್ರ ಅಲ್ಲಿ ಇರುತ್ತಿರಲಿಲ್ಲ.

ಆರನೇ ವಾರ ಕೆಂಪು ದೀಪ ಮತ್ತೆ ಹತ್ತಿತು.

“ರೀ, ಫ್ರಿಜ್ಜು ಹೋಯ್ತಾ?” ಅಂದಳು ಹೆಂಡತಿ.

ನಾನು ಕಾರನ್ನು ಗ್ಯಾರೇಜಿನ ಎದುರು ನಿಲ್ಲಿಸಿ, ಇಳಿಯದೆ, ಕಿಟಕಿಯಿಂದಲೇ ಕೂಗಿದೆ. ಏನೇನು ಕೂಗಿದೆ ಎಂದು ಇಲ್ಲಿ ಬರೆಯುವುದಿಲ್ಲ. ‘ಕಳಪೆ’ ಎಂಬ ಮಾತು ಐದಾರು ಸಲ ಬಂದಿರಬೇಕು. ‘ಕಣ್ಣಿಗೆ ಮಣ್ಣೆರಚೋದು’ ಎಂಬುದೂ ಇತ್ತು.

ಗ್ಯಾರೇಜಿನವನು ಕೈ ಒರೆಸಿಕೊಂಡ. ಆಲ್ಟರ್ನೇಟರ್ ಬಿಚ್ಚಿದ, ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಒಳಗೆ ಡಯೋಡ್ ಸುಟ್ಟಿದೆ ಸರ್, ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಭಾಗ. ಹೊಸದರಲ್ಲಿ ಹೀಗಾಗಲ್ಲ. ನೀವೇನಾದ್ರೂ ಮುಟ್ಟಿದ್ರಾ?”

“ಮುಟ್ಟೋದು? ನಾನು? ಅದನ್ನ ಮಗುವಿನ ಹಾಗೆ ನೋಡ್ಕೊಂಡಿದ್ದೀನಿ. ವಾರ ವಾರ ಪರೀಕ್ಷೆ…” ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಪರೀಕ್ಷೆಯ ವಿಷಯ ಇವನಿಗೆ ತಿಳಿಯಬಾರದು. ತಿಳಿದರೆ ಆ ಪರೀಕ್ಷೆಯಲ್ಲೂ ಪಾಸಾಗುವಂಥ ಕಳಪೆ ಮಾಲನ್ನೇ ಹುಡುಕಿ ಹಾಕುತ್ತಾನೆ! ಈ ಚುರುಕು ಬುದ್ಧಿಗೆ ಅವತ್ತು ನನಗೆ ನನ್ನ ಮೇಲೆಯೇ ಮೆಚ್ಚುಗೆಯಾಗಿತ್ತು.

ಬಿಡಿಭಾಗದ ಅಂಗಡಿಗೆ ಹೋದೆವು. ಅಂಗಡಿಯವನು ಕಣ್ಣೆತ್ತಿ ನೋಡದೆ, “ಎಲೆಕ್ಟ್ರಿಕ್ ಸಾಮಾನಿಗೆ ವಾರಂಟಿ ಇಲ್ಲ,” ಅಂದ.

“ಎಲ್ಲಿ ಬರೆದಿದೆ?”

ಅವನು ಎದ್ದು ಕ್ಯಾಲೆಂಡರ್ ಸರಿಸಿದ. ಅದರ ಹಿಂದೆ ಗೋಡೆಯ ಮೇಲೆ ಬರೆದಿತ್ತು.

“ಕ್ಯಾಲೆಂಡರ್ ಹಿಂದೆ ಬರೆದರೆ ಗಿರಾಕಿಗೆ ಹೇಗೆ ಕಾಣ್ಸುತ್ತೆ?”

“ಕೇಳಿದವರಿಗೆ ಸರಿಸಿ ತೋರಿಸ್ತೀವಲ್ಲ ಸರ್.”

ನಾನು ಅಲ್ಲೇ ಕೌಂಟರಿನ ಮೇಲೆ ಒಂದು ನೋಟೀಸು ಬರೆದು ಕೊಟ್ಟೆ. ಅವನು ಅದನ್ನು ಓದಿ, “ಅಕ್ಷರ ಏನು ಚೆನ್ನಾಗಿದೆ ಸರ್!” ಅಂದು ಅದರಲ್ಲೇ ನಾಲ್ಕು ಬೋಲ್ಟು ಕಟ್ಟಿ ಪಕ್ಕದವನಿಗೆ ಮಾರಿದ. ಗ್ಯಾರೇಜಿನವನು ಕೂಲಿ ಬೇಡವೆಂದ. ಆದರೂ ಎರಡನೆಯ ಆಲ್ಟರ್ನೇಟರ್ ಬೆಲೆಗೆ ವಾಷಿಂಗ್ ಮಷೀನ್ ಬರುತ್ತಿತ್ತು. ಹೆಂಡತಿ ಅದಕ್ಕೆ ಆ ಹೆಸರಿಟ್ಟಳು.

ಭಾವಮೈದ ಫೋನ್ ಮಾಡಿದ. “ಭಾವ, ಕಾರು ಮಾರಿಬಿಡಿ. ಅಕ್ಕನಿಗೆ ಸೈಕಲ್ ಕೊಡಿಸಿ.”

ನಾನು ಫೋನ್ ಇಟ್ಟುಬಿಟ್ಟೆ. ಅವನಿಗೆ ನನ್ನ ಕೋಪ ಅರ್ಥವಾಗಲಿಲ್ಲ ಎಂದು ಮತ್ತೆ ಫೋನ್ ಮಾಡಿ, ಅವನು ಎತ್ತಿದ ಮೇಲೆ ಇನ್ನೊಮ್ಮೆ ಇಟ್ಟೆ.

ಈಗ ಪರೀಕ್ಷೆಯಲ್ಲಿ ಇನ್ನಷ್ಟು ಎಚ್ಚರ ಬೇಕು ಎನ್ನಿಸಿತು. ವಾರಕ್ಕೆ ಒಂದು ಸಲ ಸಾಲದು, ಬುಧವಾರವೂ ಶುರುಮಾಡಿದೆ. ಬೀದಿಯವರೂ ಹೆದರಿದ್ದರು. ಎಲ್ಲರ ಕಾರೂ ಅದೇ ಗ್ಯಾರೇಜಿನಲ್ಲೇ ತಾನೆ ರಿಪೇರಿ ಆಗುತ್ತಿದ್ದುದು?

“ನಮ್ಮದನ್ನೂ ಒಂದ್ಸಲ ನೋಡಿಬಿಡಿ,” ಅಂದರು ಹಲ್ಲಿನ ಡಾಕ್ಟರು.

“ನೋಡೋದೇನು, ಕಲಿಸಿಯೇ ಕೊಡ್ತೀನಿ ಡಾಕ್ಟ್ರೇ,” ಅಂದೆ.

ಎರಡು ಭಾನುವಾರದಲ್ಲಿ ಏಳು ಮನೆಯವರಿಗೆ ಕಲಿಸಿದೆ. ಡಾಕ್ಟರ ಕೈ ಬಲು ಸೂಕ್ಷ್ಮ, ವೈರನ್ನು ಹಲ್ಲು ಕಿತ್ತ ಹಾಗೆ ಒಂದೇ ಸಲಕ್ಕೆ ಎತ್ತುತ್ತಿದ್ದರು. ವಿಮೆ ಏಜೆಂಟ್ ಕಣ್ಣು ಮುಚ್ಚಿಕೊಂಡು ಬಿಚ್ಚುತ್ತಿದ್ದ. ಬೆಳಗ್ಗೆ ಬೀದಿಯಲ್ಲಿ ಏಳು ಬಾನೆಟ್ಟುಗಳು ಒಟ್ಟಿಗೆ ತೆರೆದುಕೊಂಡದ್ದನ್ನು ನೋಡಿದಾಗ ನನ್ನ ಎದೆ ತುಂಬಿ ಬಂತು.

ಒಂದು ತಿಂಗಳಾಗಲಿಲ್ಲ. ಡಾಕ್ಟರ ಆಲ್ಟರ್ನೇಟರ್ ಹೋಯಿತು. ನಾಲ್ಕು ದಿನಕ್ಕೆ ವಿಮೆ ಏಜೆಂಟನದು ಹೋಯಿತು. ಆ ವಾರವೇ ನಮ್ಮ ವಾಷಿಂಗ್ ಮಷೀನ್ ಸುಟ್ಟಿತು. ಮೂಲೆಮನೆಯವರದು, ಅವರ ಬೀಗರದು, ನೋಡಿಕೊಂಡು ಹೋಗಲು ಬಂದಿದ್ದ ಬೀಗರ ಸ್ನೇಹಿತರದು ಕೂಡ.

ಇನ್ನು ಸಾಕ್ಷಿ ಬೇಕೆ? ಇದು ಪಿತೂರಿ ಅಲ್ಲದೆ ಇನ್ನೇನು? ನೆತ್ತಿಗೇರಿದ ಕೋಪದಲ್ಲಿ ನಾನು ನಮ್ಮ ವರಾಂಡದಲ್ಲಿ ಸಭೆ ಕರೆದೆ. ಕುರ್ಚಿ ಸಾಲದೆ ಮೆಟ್ಟಿಲ ಮೇಲೂ ಕೂತರು. ಅರ್ಧ ಗಂಟೆಯಲ್ಲಿ ‘ಆಲ್ಟರ್ನೇಟರ್ ಸಂತ್ರಸ್ತರ ಸಂಘ’ ಸ್ಥಾಪನೆಯಾಯಿತು. ಅಧ್ಯಕ್ಷನಾಗಿ ನಾನು ಅವಿರೋಧವಾಗಿ ಆಯ್ಕೆಯಾದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು, “ಶಾಲೆ ತೆರೆಯೋದಕ್ಕೆ ಇನ್ನು ಮೂರು ವಾರ ಇದೆ. ಸಂಘದಲ್ಲಿ ಕೂತು ಹೋಗಕ್ಕಾಗುತ್ತಾ?” ಅಂದಳು. ಆ ಮಾತನ್ನು ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

“ಗ್ಯಾರೇಜಿನವನ ಹೆಸರು ಹಾಕಿ ಬರೀರಿ ಅಧ್ಯಕ್ಷರೇ,” ಅಂದ ವಿಮೆ ಏಜೆಂಟ್. “ಮುಲಾಜು ಬೇಡ.”

“ಕೂಡದು!” ಎಂದು ಗುಡುಗಿದೆ. “ವಿಚಾರಣೆ ಮುಗಿಯೋವರೆಗೆ ಹೆಸರು ಬರೆಯೋ ಹಾಗಿಲ್ಲ. ಬರವಣಿಗೆ ಅಂದ್ರೆ ಏನಂದ್ಕೊಂಡಿದ್ದೀರಿ?”

ಸಂಘದ ನಡವಳಿ ಬರೆದೆ. ಅಷ್ಟು ಗುಂಡಾದ ಅಕ್ಷರ ಅಲ್ಲಿಯವರೆಗೆ ನನ್ನ ಕೈಯಿಂದ ಬಂದಿರಲಿಲ್ಲ.

‘ಸದರಿ ಬೀದಿಯ ಕಾರುಗಳ ಆಲ್ಟರ್ನೇಟರ್‌ಗಳು ಪದೇ ಪದೇ ಸುಟ್ಟುಹೋಗಲು ಕಾರಣನಾದ ತಪ್ಪಿತಸ್ಥನು, ಆತ ಯಾರೇ ಆಗಿರಲಿ, ಎಷ್ಟೇ ಪರಿಚಿತನಾಗಿರಲಿ, ಇನ್ನು ಮುಂದೆ ಈ ಬೀದಿಯ ಯಾವುದೇ ಕಾರಿನ ಬಾನೆಟ್ಟನ್ನು ಮುಟ್ಟತಕ್ಕದ್ದಲ್ಲ, ಮತ್ತು ತಾನು ಮಾಡಿದ ತಪ್ಪನ್ನು ದಪ್ಪ ಅಕ್ಷರದಲ್ಲಿ ಫಲಕದ ಮೇಲೆ ಬರೆದು ಜನ ಓಡಾಡುವ ಜಾಗದಲ್ಲಿ ನಿಲ್ಲಿಸತಕ್ಕದ್ದು.’

ಹನ್ನೊಂದು ಸಹಿಗಳು ಬಿದ್ದವು. ಒಂದು ಪ್ರತಿಯನ್ನು ಗ್ರಾಹಕರ ದೂರು ಕಚೇರಿಗೆ ಕಳಿಸಿದೆವು, ಇನ್ನೊಂದನ್ನು ಗ್ಯಾರೇಜಿನ ಬಾಗಿಲಿಗೆ ಅಂಟಿಸಿದೆವು. ಮಾರನೆಯ ದಿನದಿಂದ ಗ್ಯಾರೇಜಿಗೆ ನಮ್ಮ ಬೀದಿಯ ಒಂದು ಕಾರೂ ಹೋಗಲಿಲ್ಲ, ಪಕ್ಕದ ಬೀದಿಯವೂ ಹೋಗಲಿಲ್ಲ. ಕಚೇರಿಗೆ ಹೋಗುವಾಗ ನೋಡುತ್ತಿದ್ದೆ: ಅವನು ಖಾಲಿ ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತು ಒಂದು ಸುಟ್ಟ ಆಲ್ಟರ್ನೇಟರನ್ನು ಬಿಚ್ಚಿ ಜೋಡಿಸಿ ಮಾಡುತ್ತಿರುತ್ತಿದ್ದ. ಸುಳ್ಳು ಹೇಳಬಾರದು, ನನಗೆ ಖುಷಿಯಾಗುತ್ತಿತ್ತು.

ಮೂರನೆಯದನ್ನು ದೂರದ ದೊಡ್ಡ ಸರ್ವೀಸ್ ಸೆಂಟರಿನಲ್ಲಿ ಹಾಕಿಸಿದೆ. ಅಲ್ಲಿ ಕಾಫಿ ಕೊಟ್ಟು ಕೂರಿಸಿ ಬೆಲೆ ಹೇಳುತ್ತಾರೆ. ಅದು ಸೋಫಾ ಸೆಟ್ಟಿನ ಬೆಲೆ.

ದೂರು ಕಚೇರಿಯಿಂದ ಉತ್ತರ ಬಂತು. ಅಧಿಕಾರಿಗಳು ಸ್ಥಳ ತನಿಖೆಗೆ ಬರುತ್ತಾರೆ, ಬೆಳಗ್ಗೆ ಎಂಟೂವರೆಗೆ. ತಾರೀಕು ನೋಡಿದೆ. ಶಾಲೆ ತೆರೆಯುವ ದಿನ.

“ಬೇರೆ ದಿನ ಕೇಳಿ,” ಅಂದಳು ಹೆಂಡತಿ.

“ಸರ್ಕಾರಿ ಕಚೇರಿಯಲ್ಲಿ ಬೇರೆ ದಿನ ಕೇಳಿದ್ರೆ ಬೇರೆ ವರ್ಷ ಕೊಡ್ತಾರೆ. ನಂಗೊತ್ತಿಲ್ವಾ? ಎಂಟೂವರೆಗೆ ಬರ್ತಾರೆ, ಐದು ನಿಮಿಷದ ಕೆಲಸ, ಒಂಬತ್ತಕ್ಕೆ ಹೊರಟ್ರೆ ಒಂಬತ್ತು ಮುಕ್ಕಾಲಿಗೆ ನೀನು ಕುರ್ಚಿಯಲ್ಲಿ ಕೂತಿರ್ತೀಯ.”

“ರೀ, ನಂಗೆ ಭಯ ಆಗ್ತಿದೆ.”

“ನಾನಿದ್ದೀನಲ್ಲ.”

ಆ ದಿನ ಬಂತು. ಹೆಂಡತಿ ಹೊಸ ಬಟ್ಟೆ ಉಟ್ಟು, ಆದೇಶದ ಕವರನ್ನು ಕೈಚೀಲದಲ್ಲಿ ಹಾಕಿಕೊಂಡು, ಎಂಟು ಗಂಟೆಗೇ ಕಾರಿನಲ್ಲಿ ಕೂತಳು. ಬೆಲ್ಟು ಕೂಡ ಹಾಕಿಕೊಂಡಿದ್ದಳು. ಸಂಘದ ಸದಸ್ಯರೆಲ್ಲ ಗೇಟಿನ ಮುಂದೆ ಸೇರಿದರು. ಎದುರು ಮನೆಯ ನಿವೃತ್ತ ಡ್ರೈವರ್ ಕುರ್ಚಿ ಹಾಕಿಸಿಕೊಂಡು ಕೂತರು. ಗ್ಯಾರೇಜಿನವನಿಗೂ ನೋಟೀಸು ಹೋಗಿತ್ತು. ಅವನು ಗೋಡೆಗೆ ಒರಗಿ ನಿಂತಿದ್ದ.

ಅಧಿಕಾರಿ ಬಂದದ್ದು ಒಂಬತ್ತಕ್ಕೆ ಐದು ನಿಮಿಷ ಇರುವಾಗ. ದಪ್ಪ ಕನ್ನಡಕದ ಹೆಂಗಸು, ಕೈಯಲ್ಲಿ ನಮ್ಮದೇ ಅರ್ಜಿ.

“ಈ ಅರ್ಜಿ ಬರೆದವರು ಯಾರು? ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿ ಮೆಚ್ಕೊಂಡ್ರು.”

“ನಾನೇ ಮೇಡಂ,” ಅಂದೆ.

“ರೀ, ಹೊತ್ತಾಯ್ತು,” ಅಂದಳು ಕಾರಿನೊಳಗಿಂದ ಹೆಂಡತಿ.

“ಮೇಡಂ, ದೊಡ್ಡ ಸರ್ವೀಸ್ ಸೆಂಟರಿನ ಮಾಲು ಈ ಮನುಷ್ಯ ಹಾಕಿದ್ದಕ್ಕಿಂತ ಹೇಗೆ ಭಿನ್ನ ಅನ್ನೋದನ್ನ ನಾನು ಪ್ರತ್ಯಕ್ಷ ತೋರಿಸ್ತೀನಿ. ನಮ್ಮ ಸಂಘದ ಅಧಿಕೃತ ಪರೀಕ್ಷೆ. ದಯವಿಟ್ಟು ಗಮನಿಸಿ.”

ಎಂಜಿನ್ ಸ್ಟಾರ್ಟ್ ಮಾಡಿದೆ. ಬಾನೆಟ್ ಎತ್ತಿದೆ. ಸ್ಪ್ಯಾನರ್ ತೆಗೆದುಕೊಂಡೆ.

ಗೋಡೆಗೆ ಒರಗಿದ್ದ ಗ್ಯಾರೇಜಿನವನು ನೆಟ್ಟಗಾದ. “ಸರ್, ಏನ್ ಮಾಡ್ತಿದ್ದೀರಿ?”

“ನೋಡು, ಹೆದರಿದ!” ಅಂದ ವಿಮೆ ಏಜೆಂಟ್.

“ಸರ್, ಓಡೋವಾಗ ಬಿಚ್ಬೇಡಿ! ಸರ್! ಸರ್!”

ಅವನು ಓಡಿ ಬರುವಷ್ಟರಲ್ಲಿ ಇಬ್ಬರು ಸದಸ್ಯರು ಅವನ ತೋಳು ಹಿಡಿದುಕೊಂಡರು. ನಾನು ವೈರನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದೆ. ಟಪ್ ಎಂದು ಒಂದು ಸಣ್ಣ ಸದ್ದು. ಎಂಜಿನ್ ಒಂದು ಸಲ ಕೆಮ್ಮಿ ನಿಂತುಹೋಯಿತು. ಬಾನೆಟ್ಟಿನ ಒಳಗಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೆಲ್ಲಗೆ ಎದ್ದು ಅಧಿಕಾರಿಯ ಕನ್ನಡಕದವರೆಗೆ ಬಂತು.

ನಾನು ವೈರು ಸಿಕ್ಕಿಸಿ ಕೀ ತಿರುಗಿಸಿದೆ. ಟಿಕ್ ಎಂದಿತು, ಅಷ್ಟೆ. ಮತ್ತೆ ತಿರುಗಿಸಿದೆ. ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿದ್ದ ನನ್ನ ಹೆಂಡತಿ ಮುಂದಕ್ಕೇ ನೋಡುತ್ತಿದ್ದಳು.

“ಸೋಫಾನೂ ಹೋಯ್ತು,” ಅಂದಳು.

ತೋಳು ಬಿಡಿಸಿಕೊಂಡು ಬಂದ ಗ್ಯಾರೇಜಿನವನು ಬಾನೆಟ್ ಒಳಗೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ಕೈ ಒರೆಸಿಕೊಳ್ಳದೆ ಮಾತಾಡಿದ.

“ಸರ್, ಹೀಗೆ ಎಷ್ಟು ಸಲ ಬಿಚ್ಚಿದ್ದೀರಿ?”

“ವಾರಕ್ಕೆ ಎರಡು…” ಅಂದೆ.

“ಓಡೋವಾಗ ಬ್ಯಾಟರಿ ಬಿಚ್ಚಿದ್ರೆ ಆಲ್ಟರ್ನೇಟರಿನಲ್ಲಿರೋ ಕರೆಂಟಿಗೆ ಹೋಗೋದಕ್ಕೆ ಜಾಗ ಇರಲ್ಲ ಸರ್. ಉಕ್ಕಿ ಅದರ ಡಯೋಡನ್ನೇ ಸುಡುತ್ತೆ. ಒಂದು ಸಲಕ್ಕೆ ಹೋಗದಿದ್ರೆ ಹತ್ತು ಸಲಕ್ಕೆ ಹೋಗುತ್ತೆ. ಇವತ್ತು ಒಳಗಿನ ಕಂಪ್ಯೂಟರ್ ಕೂಡ ಹೋಗಿದೆಯೋ ಏನೋ.”

ಹನ್ನೊಂದು ತಲೆಗಳು ನಿಧಾನವಾಗಿ ನನ್ನ ಕಡೆ ತಿರುಗಿದವು. ಹಲ್ಲಿನ ಡಾಕ್ಟರು ತಮ್ಮ ಕೈಬೆರಳುಗಳನ್ನು ನೋಡಿಕೊಂಡರು. ನಾನು ಒಂದೇ ಒಂದು ಆಸೆಯಿಂದ ನಿವೃತ್ತ ಡ್ರೈವರ್ ಕಡೆ ನೋಡಿದೆ.

“ನೀವೇ ಅಲ್ವಾ ಸರ್ ಹೇಳಿಕೊಟ್ಟಿದ್ದು!”

“ನಾನು ಹೇಳಿದ್ದು ಬಸ್ಸಿನ ವಿಷಯ ಕಣಯ್ಯ!” ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. “ನಮ್ಮ ಕಾಲದ ಡೀಸೆಲ್ ಎಂಜಿನ್ನಿಗೆ ಓಡೋಕೆ ಕರೆಂಟೇ ಬೇಡ. ಬ್ಯಾಟರಿ ಅಲ್ಲ, ಸೀಟು ಬಿಚ್ಚಿದ್ರೂ ಓಡೋದು. ನಾನು ತೋರಿಸಿದ್ದು ಒಂದ್ಸಲ. ವಾರಕ್ಕೆ ಎರಡು ಸಲ ಮಾಡು, ಊರಿಗೆಲ್ಲ ಪಾಠ ಹೇಳು ಅಂದಿದ್ನಾ?”

ಅಧಿಕಾರಿ ಕನ್ನಡಕ ಏರಿಸಿಕೊಂಡು ನಮ್ಮ ನಡವಳಿಯನ್ನು ಜೋರಾಗಿ ಓದಿದರು. “‘ಆತ ಯಾರೇ ಆಗಿರಲಿ, ಎಷ್ಟೇ ಪರಿಚಿತನಾಗಿರಲಿ…’ ಬಹಳ ಸ್ಪಷ್ಟವಾಗಿದೆ. ಹೆಸರು ಹಾಕದೆ ಇದ್ದದ್ದು ಒಳ್ಳೇದಾಯ್ತು, ತಿದ್ದೋ ಕೆಲಸ ಉಳೀತು. ತಪ್ಪಿತಸ್ಥ ಸಿಕ್ಕಿದ್ದಾನೆ, ದೂರು ಇತ್ಯರ್ಥ ಆಗಿದೆ ಅಂತ ಬರ್ಕೋತೀನಿ.”

ಅಷ್ಟರಲ್ಲಿ ಗಂಟೆ ಒಂಬತ್ತು ಹತ್ತು. ಟ್ಯಾಕ್ಸಿಗೆ ಫೋನ್ ಮಾಡಿದರೆ ನಲವತ್ತು ನಿಮಿಷ ಅಂದರು. ನಮ್ಮದು ಬಿಟ್ಟು ಬೀದಿಯಲ್ಲಿ ಏಳು ಕಾರುಗಳಿದ್ದವು. ಓಡುವಂಥದ್ದು ಒಂದೂ ಇರಲಿಲ್ಲ. ಎಲ್ಲವನ್ನೂ ನಾನೇ ಕೂರಿಸಿದ್ದೆ. ನನ್ನ ಹೆಂಡತಿ ಬೆಲ್ಟು ಬಿಚ್ಚಿ ಇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವಳು ಬೀದಿಯಲ್ಲಿ ಅತ್ತದ್ದು ಅದೇ ಮೊದಲು.

ಗ್ಯಾರೇಜಿನವನು ಹೊರಟುಹೋದ. ಹೋಗಲಿ, ಹೋಗುವುದು ನ್ಯಾಯವೇ ಎಂದುಕೊಂಡೆ. ಎರಡು ನಿಮಿಷಕ್ಕೆ ಅವನ ಹಳೆಯ ವ್ಯಾನು ಗಡಗಡ ಸದ್ದು ಮಾಡುತ್ತ ನಮ್ಮ ಗೇಟಿನ ಮುಂದೆ ಬಂದು ನಿಂತಿತು. ಬಾಗಿಲನ್ನು ಹಗ್ಗದಿಂದ ಕಟ್ಟಿತ್ತು.

“ಹತ್ತಿ ಮೇಡಂ. ಶಾಲೆ ಎಲ್ಲಿದೆ ಗೊತ್ತು ನಂಗೆ. ಆ ದಾರಿಯಿಂದ್ಲೇ ಒಂದ್ಸಲ ನಿಮ್ಮ ಕಾರು ಎಳ್ಕೊಂಡು ಬಂದಿದ್ದೀನಲ್ಲ.”

ನಾನೂ ಹತ್ತಲು ಹೋದೆ. “ನೀವು ಬೇಡ,” ಅಂದಳು ಹೆಂಡತಿ. ಬಾಗಿಲು ಮುಚ್ಚಿ, ಒಳಗಿಂದ ಹಗ್ಗ ಅವಳೇ ಬಿಗಿದಳು.

ಒಂಬತ್ತು ಐವತ್ತೆರಡಕ್ಕೆ ಅವಳು ಸಹಿ ಹಾಕಿದಳಂತೆ. ಗಣಿತದ ಮೇಡಂ ಒಂಬತ್ತೂವರೆಗೇ ಬಂದು ಹೊರಗಿನ ಬೆಂಚಿನಲ್ಲಿ ಕೂತಿದ್ದರಂತೆ. ಸಂಜೆ ಅವಳು ಬಂದಾಗ ಬಯ್ಯುತ್ತಾಳೆ ಎಂದು ಕಾಯುತ್ತಿದ್ದೆ. ಬಯ್ದಿದ್ದರೆ ನನಗೂ ತಿರುಗಿ ಕೂಗಲು ಒಂದು ಅವಕಾಶ ಸಿಗುತ್ತಿತ್ತು.

“ಕಾರಿನ ಕೀ ಕೊಡಿ,” ಅಂದಳು. ಕೊಟ್ಟೆ. “ಇಪ್ಪತ್ತೆರಡು ಕಿಲೋಮೀಟರ್ ಅವನು ನಿಮ್ಮ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ಒಂದೆರಡು ಮಾತು ಬೈದಿದ್ರೆ ನಾನೂ ಸೇರ್ಕೊಂಡು ಬೈತಿದ್ದೆ. ಸುಮ್ನಿದ್ದ. ಅದಕ್ಕೇ ನಂಗೆ ನಾಚಿಕೆ ಆಯ್ತು.”

ಮಾರನೆಯ ದಿನ ಕಚೇರಿಗೆ ರಜೆ ಹಾಕಿ ಗ್ಯಾರೇಜಿಗೆ ಹೋದೆ. ಬಾಗಿಲಲ್ಲಿ ನನ್ನ ನಡವಳಿ ಇನ್ನೂ ಅಂಟಿಕೊಂಡೇ ಇತ್ತು. ಅದನ್ನು ಹರಿಯುವಷ್ಟು ಕೋಪವೂ ಅವನಿಗೆ ಬಂದಿರಲಿಲ್ಲ ಎಂಬುದನ್ನು ನೋಡಿ ನನಗೆ ಸಿಟ್ಟು ಬಂತು. ಒಳಗೆ ಕಪಾಟಿನ ಮೇಲೆ ನಮ್ಮ ಬೀದಿಯ ಸುಟ್ಟ ಆಲ್ಟರ್ನೇಟರ್‌ಗಳು ಸಾಲಾಗಿ ಕೂತಿದ್ದವು. ಪ್ರತಿಯೊಂದಕ್ಕೂ ಒಂದು ಚೀಟಿ: ಹಾಕಿದ ದಿನ, ಸುಟ್ಟ ದಿನ.

“ಇದನ್ನೆಲ್ಲ ಯಾಕೆ ಇಟ್ಕೊಂಡಿದ್ದೀಯ?”

ಅವನು ಕೈ ಒರೆಸಿಕೊಂಡ. “ಎಲ್ಲದರಲ್ಲೂ ಅದೇ ಡಯೋಡ್ ಸುಟ್ಟಿತ್ತು ಸರ್. ಎಷ್ಟು ಬಿಚ್ಚಿ ನೋಡಿದ್ರೂ ಯಾಕೆ ಅಂತ ಗೊತ್ತಾಗ್ಲಿಲ್ಲ. ನನ್ನ ಕೈಯೇ ಕೆಟ್ಟೋಯ್ತೇನೋ ಅಂದ್ಕೊಂಡಿದ್ದೆ. ಬೇರೆ ಕೆಲಸ ನೋಡ್ಕೊಳ್ಳೋಣ ಅಂತ ಮನೇಲಿ ಹೇಳಿಯೂ ಇದ್ದೆ.”

ಇಪ್ಪತ್ತಾರು ವರ್ಷ ಎಲ್ಲ ಸಂದರ್ಭಕ್ಕೂ ಕರಡು ಬರೆದವನಿಗೆ ಅಲ್ಲಿ ಒಂದು ವಾಕ್ಯವೂ ಹೊಳೆಯಲಿಲ್ಲ. “ತಪ್ಪಾಯ್ತಪ್ಪ,” ಅಂದೆ. ಅದನ್ನು ನಾನು ಅದುವರೆಗೆ ಯಾವ ಕಡತದಲ್ಲೂ ಬರೆದಿರಲಿಲ್ಲ.

“ಬಿಡಿ ಸರ್,” ಅಂದ.

“ಬಿಡೋದೇನು? ನಡವಳಿ ಇದೆ. ಬಾನೆಟ್ ಮುಟ್ಟಲ್ಲ. ಇನ್ನು ಉಳಿದದ್ದು ಫಲಕ.”

“ಬೋರ್ಡೆಲ್ಲ ಯಾಕೆ ಸರ್…”

“ಸುಮ್ನಿರು!” ಎಂದು ರೇಗಿದೆ. ನನಗೆ ಸರಿಯಾಗಿ ಬರುವುದು ಅದೊಂದೇ ಕೆಲಸ, ಅದನ್ನೂ ಬೇಡ ಎಂದರೆ ಹೇಗೆ? ಅವನ ಹತ್ತಿರವೇ ಒಂದು ತಗಡು, ಕಪ್ಪು ಬಣ್ಣ, ಕುಂಚ ಇಸಕೊಂಡೆ. ಗ್ಯಾರೇಜಿನ ಮುಂದೆ, ಬೀದಿಗೆ ಎದುರಾಗಿ, ನೆಲದ ಮೇಲೆ ಕೂತು ಬರೆದೆ. ಬೀದಿಯವರು ಒಬ್ಬೊಬ್ಬರಾಗಿ ಬಂದು ನಿಂತರು. ಡಾಕ್ಟರು, ವಿಮೆ ಏಜೆಂಟ್, ನಿವೃತ್ತ ಡ್ರೈವರ್. ಭಾನುವಾರದ ಪರೀಕ್ಷೆಗಳಲ್ಲೂ ಅಷ್ಟು ಜನ ನನ್ನನ್ನು ಯಾವತ್ತೂ ಸುತ್ತುವರಿದಿರಲಿಲ್ಲ.

‘ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರು ಬಿಚ್ಚಬಾರದು. ಬಿಚ್ಚಿದರೆ ಆಲ್ಟರ್ನೇಟರ್ ಸುಡುತ್ತದೆ. ಈ ಬೀದಿಯಲ್ಲಿ ಬಿಚ್ಚಿದವನು ಮತ್ತು ಬಿಚ್ಚಲು ಕಲಿಸಿದವನು ಒಬ್ಬನೇ. ಗ್ಯಾರೇಜಿನವರ ತಪ್ಪು ಏನೂ ಇಲ್ಲ.’

ಕೆಳಗೆ ಸಹಿಗೆ ಜಾಗ ಉಳಿದಿತ್ತು. ಕುಂಚವನ್ನು ಬಣ್ಣದಲ್ಲಿ ಅದ್ದಿ ಹಾಗೇ ಕೂತೆ. ಗ್ಯಾರೇಜಿನವನಿಗೆ ನನ್ನ ಕಷ್ಟ ಅರ್ಥವಾಗಿರಬೇಕು. ಬಗ್ಗಿ ಮೆಲ್ಲಗೆ, “‘ತಪ್ಪಿತಸ್ಥ’ ಅಂತ ಬರೆದುಬಿಡಿ ಸರ್, ಸಾಕು,” ಅಂದ.

ವಿಚಾರಣೆ ಮುಗಿದಿತ್ತು. ಇನಿಷಿಯಲ್ ಸಮೇತ ನನ್ನ ಪೂರ್ತಿ ಹೆಸರು ಬರೆದೆ. ಅಕ್ಷರ ಅಷ್ಟು ಗುಂಡಗೆ ನನ್ನ ಜನ್ಮದಲ್ಲಿ ಬಂದಿರಲಿಲ್ಲ.